ಅಗ್ಗದ ಲ್ಯಾಪ್‌ಟಾಪಿನ ನಿಜಬೆಲೆ

ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿನ ಮೆಟ್ಟಿಲೇರುವ ವಿದ್ಯಾರ್ಥಿಗೆ ಹಿಂದೆ ಒಂದು ಒಳ್ಳೆಯ ಪೆನ್ನು, ಒಂದು ಕೈಗಡಿಯಾರ, ಅನುಕೂಲವಿದ್ದರೆ ಒಂದು ಸೈಕಲ್ಲು ದೊರೆತರೆ ಅದೇ ಭಾಗ್ಯವೆನಿಸುತ್ತಿತ್ತು. ಇಂದು ಆ ಸ್ಥಾನವನ್ನು ಲ್ಯಾಪ್‌ಟಾಪ್ ಆಕ್ರಮಿಸಿದೆ. ಇಂಜಿನಿಯರಿಂಗ್ ಇರಲಿ, ವಾಣಿಜ್ಯವಿರಲಿ, ಶಿಕ್ಷಕರ ತರಬೇತಿಯೇ ಇರಲಿ, ಅದಿಲ್ಲದೆ ಅಭ್ಯಾಸವು ಮುಂದೆ ಸಾಗದೆಂಬ ಪರಿಸ್ಥಿತಿ ಒದಗಿದೆ. ಆದರೆ ಒಕ್ಕಲುತನದ ಮನೆಯಲ್ಲಾಗಲಿ, ಸಣ್ಣ ನೌಕರಿಯವರ ಮನೆಯಲ್ಲಾಗಲಿ ಇಪ್ಪತ್ತು ಮೂವತ್ತು ಸಾವಿರ ರೂಪಾಯಿಗಳನ್ನು ಒಮ್ಮೆಲೇ ಎತ್ತಿಕೊಡುವುದು ಸುಲಭದ ಮಾತಲ್ಲ. ಆದುದರಿಂದ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು ಯಾವುದೋ ಅದರ ಕಡೆಗೇ ಕೈ ಹೋಗುತ್ತದೆ. ಶಾಲೆಗಳಿಗೆ ಲ್ಯಾಪ್‌ಟಾಪುಗಳನ್ನು ಕೊಡಮಾಡುವ ಉದಾರ ದಾನಿಗಳೂ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿಯುವುದುಂಟು. ಇರುವ ಹಣಕ್ಕೆ ಯಂತ್ರಗಳೆಷ್ಟು ಬಂದಾವು ಎಂಬ ಭಾಗಾಕಾರವೇ ಅವರಿಗೂ ಮೊದಲು ಹೊಳೆಯುವುದು. ಲೆಕ್ಕವನ್ನು ಹೀಗೆ ಯಂತ್ರಗಳ ಸಂಖ್ಯೆಯಿಂದ ಆರಂಭಿಸುವುದೇ ತಪ್ಪು. ಅವು ಬಾಳುವ ವರ್ಷಗಳಿಂದ ಆರಂಭಿಸಬೇಕು.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಬೆಲೆಯನ್ನು ಕಟ್ಟಕಡೆಗೆ ಕೇಳುತ್ತಾನೆ. ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅದೇ ರೈತನು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಪಟ್ಟಣಕ್ಕೆ ಬಂದಾಗ ಅಂಗಡಿಯವನ ಮಾತನ್ನೇ ನಂಬಿ ಹಣ ಎಣಿಸಿಕೊಡುತ್ತಾನೆ. ಅವನು ದಡ್ಡನೆಂದಲ್ಲ, ಈ ಪ್ರಾಣಿಯ ಹಲ್ಲು ಎಲ್ಲಿರುತ್ತದೆಂಬುದನ್ನು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೆ.

ಬಡವರಿಗೂ ಕಂಪ್ಯೂಟರ್ ದೊರೆಯಬೇಕೆಂಬ ಹಂಬಲವು ಹೊಸದೇನೂ ಅಲ್ಲ. ಈ ದಿಶೆಯಲ್ಲಿ ಮೊದಲು ಹೆಜ್ಜೆಯಿಟ್ಟವರ ಸಾಲಿನಲ್ಲಿ ಕನ್ನಡ ನಾಡಿನ ಹೆಸರೂ ಇದೆಯೆಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೆಲವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೊಡಗೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ಒಂದೇ ಯಂತ್ರವನ್ನು ಊರಿನ ಹಲವರು ತಂತಮ್ಮ ಸ್ಮಾರ್ಟ್ ಕಾರ್ಡುಗಳ ಮೂಲಕ ಹಂಚಿಕೊಂಡು ಬಳಸಬಹುದೆಂಬುದು ಅದರ ಹಿಂದಿನ ಆಲೋಚನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿದಾ’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತಾದರೂ ನೆಲೆಯೂರಲಿಲ್ಲ. 2005ರಲ್ಲಿ ಅಮೆರಿಕದ ನಿಕೋಲಸ್ ನೆಗ್ರೊಪಾಂಟಿಯವರು ಮಗುವಿಗೊಂದರಂತೆ ನೂರು ಡಾಲರುಗಳ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಸಾರಿದಾಗ ಜಗತ್ತೇ ಬೆರಗಾಯಿತು. 2007ರಲ್ಲಿ ಅದು ತಯಾರಾಗಿ ಹೊರಬರುವ ವೇಳೆಗೆ ಬೆಲೆಯು ಇನ್ನೂರು ಡಾಲರುಗಳ ಸಮೀಪಕ್ಕೆ ಏರಿತ್ತು. ಯಂತ್ರವೇನೋ ಕೆಟ್ಟದ್ದಾಗಿರಲಿಲ್ಲ. ಬಿಸಿಲಿನಲ್ಲಿಯೂ ಓದಬಹುದಾದ ಪರದೆ, ಧೂಳು ಸೇರದ ರಬ್ಬರಿನ ಕೀಲಿಮಣೆ, ಬಿಚ್ಚಿ ಜೋಡಿಸಲು ಸುಲಭವಾದ ಮೈಕಟ್ಟು ಅದಕ್ಕಿದ್ದವು. ಇಂದಿನ ಎಷ್ಟೋ ದುಬಾರಿ ಯಂತ್ರಗಳಿಗೆ ಆ ಗುಣಗಳಿಲ್ಲ. ಭಾರತದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು 2006ರಲ್ಲಿಯೇ ಆ ಯೋಜನೆಯನ್ನು ನಿರಾಕರಿಸಿತು. ಪೆರು ದೇಶವು ಅದನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಅಲ್ಲಿಯ 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನವರು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದುದಕ್ಕೆ ಆಧಾರ ಸಿಗಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಸುಧಾರಣೆ ಕಂಡುಬಂದಿತು. ಇತ್ತ ಭಾರತದಲ್ಲಿ 2011ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ಟಿನ ಗತಿಯನ್ನು ಬಲ್ಲವರು ಬಲ್ಲರು. 366 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಎಂಬಿ ಮೆಮೊರಿ, ಬೆರಳನ್ನು ಒತ್ತಿ ಒತ್ತಿ ನಡೆಸಬೇಕಾದ ಪರದೆ. ಬೆಲೆಯನ್ನು ಮೊದಲು ಗೊತ್ತುಮಾಡಿ ಆ ಬೆಲೆಗೆ ಯಂತ್ರವನ್ನು ಹೊಂದಿಸಹೊರಟರೆ ಆಗುವುದು ಹೀಗೆಯೇ.

ಹಾಗಾದರೆ ಇಂದಿನ ಅಗ್ಗದ ಲ್ಯಾಪ್‌ಟಾಪಿನಲ್ಲಿ ನೋಡತಕ್ಕದ್ದು ಯಾವುದು? ಅಂಗಡಿಯವನು ಮೊದಲು ಹೇಳುವುದು ಪ್ರೊಸೆಸರಿನ ಹೆಸರನ್ನು. ಪತ್ರ ಬರೆಯುವುದು, ಪಾಠದ ವಿಡಿಯೊ ನೋಡುವುದು, ಲೆಕ್ಕದ ಹಾಳೆ ತುಂಬುವುದು, ಇಂತಹ ಕೆಲಸಗಳಿಗೆ ಅದೊಂದೇ ನಿರ್ಣಾಯಕವಲ್ಲ. ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಮೆಮೊರಿ ಮತ್ತು ಸಂಗ್ರಹ. ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ 4 ಜಿಬಿ ಮೆಮೊರಿ ಇರುತ್ತದೆ. ವಿಂಡೋಸ್ 11 ಎಂಬ ಕಾರ್ಯವ್ಯವಸ್ಥೆಯು ಎದ್ದು ನಿಲ್ಲುವಷ್ಟರಲ್ಲಿಯೇ ಅದರ ಅರ್ಧಕ್ಕಿಂತ ಹೆಚ್ಚನ್ನು ತಾನೇ ತೆಗೆದುಕೊಳ್ಳುತ್ತದೆ. ಉಳಿದುದರಲ್ಲಿ ಬ್ರೌಸರಿನ ನಾಲ್ಕಾರು ಪುಟಗಳು ತೆರೆಯುವ ವೇಳೆಗೆ ಯಂತ್ರವು ಏದುಸಿರು ಬಿಡತೊಡಗುತ್ತದೆ. 8 ಜಿಬಿ ಇದ್ದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದರೆ ಎಷ್ಟಿದೆಯೆಂದು ಕೇಳಿದರೆ ಸಾಲದು, ಮುಂದೆ ಹೆಚ್ಚಿಸಲು ಖಾನೆಯಿದೆಯೇ ಎಂದೂ ಕೇಳಬೇಕು. ಅನೇಕ ಯಂತ್ರಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥವುಗಳಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯ ದಿನದವರೆಗೂ ಅಷ್ಟೇ. ಅದಲ್ಲದೆ 2025ರ ಉತ್ತರಾರ್ಧದಿಂದ ಮೆಮೊರಿ ತಯಾರಕರು ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆ ಆದ್ಯತೆ ಕೊಡತೊಡಗಿ, ಬಿಡಿಯಾಗಿ ಸಿಗುವ ಮೆಮೊರಿಯ ಬೆಲೆ ಏರಿತು. ತಯಾರಕರು ಮತ್ತೆ ಕಡಿಮೆ ಮೆಮೊರಿಯ ಯಂತ್ರಗಳನ್ನೇ ಗ್ರಾಹಕರ ಮುಂದೊಡ್ಡುವ ಪ್ರಲೋಭನೆ ಇದರಿಂದ ಹೆಚ್ಚಿದೆ.

ಸಂಗ್ರಹದ ಮಾತೂ ಹೀಗೆಯೇ. ಕಡಿಮೆ ಬೆಲೆಯವುಗಳಲ್ಲಿ ಇಎಂಎಂಸಿ ಎಂಬ, ಮೊಬೈಲ್ ಫೋನಿಗೆ ತಕ್ಕುದಾದ ಸಂಗ್ರಹವನ್ನು ಬೆಸೆದಿರುತ್ತಾರೆ. 64 ಜಿಬಿ, ಕೆಲವು ಹಳೆಯವುಗಳಲ್ಲಿ ಬರಿ 32. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕೆಂದು ಅದರ ತಯಾರಕರೇ ನಿಯಮ ಮಾಡಿರುವಾಗ ವಿದ್ಯಾರ್ಥಿಯ ಸ್ವಂತ ಕಡತಗಳಿಗೆ ಉಳಿಯುವ ಜಾಗವೆಷ್ಟು? ಒಂದೆರಡು ವರ್ಷಗಳ ಪರಿಷ್ಕರಣೆಗಳು ಬಂದು ತುಂಬಿಕೊಂಡ ಮೇಲೆ ಸಂಗ್ರಹ ತುಂಬಿದೆಯೆಂಬ ಎಚ್ಚರಿಕೆಯೊಂದೇ ಪರದೆಯ ಮೇಲೆ ನಿಲ್ಲುತ್ತದೆ. ಬದಲಾಯಿಸಬಹುದಾದ ಎಸ್‌ಎಸ್‌ಡಿ ಇರುವ ಯಂತ್ರವಾದರೆ ಅದು ಕೆಟ್ಟರೂ ತುಂಬಿದರೂ ಇನ್ನೊಂದನ್ನು ಹಾಕಿ ಮುಂದುವರಿಯಬಹುದು. 2023ರ ಜುಲೈ ಕೊನೆಯಲ್ಲಿ 16,499 ರೂಪಾಯಿಗೆ ಪ್ರಕಟವಾದ ಜಿಯೊಬುಕ್ ಈ ವರ್ಗದ ಒಳ್ಳೆಯ ದೃಷ್ಟಾಂತ. ತೂಕ ಒಂದು ಕಿಲೊಗ್ರಾಮಿಗಿಂತ ಕಡಿಮೆ, ಪರದೆ 11.6 ಅಂಗುಲ, 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ. ಓದಲು, ಪಾಠ ಕೇಳಲು ಸಾಕು; ಇಂಜಿನಿಯರಿಂಗ್ ವಿದ್ಯಾರ್ಥಿಗೆ ಸಾಲದು. ಯಾವ ಕೆಲಸಕ್ಕೆಂದು ಕೇಳದೆ ಕೊಂಡವರಿಗೆ ಅದು ಕೆಟ್ಟ ಯಂತ್ರ, ಕೇಳಿ ಕೊಂಡವರಿಗೆ ಅಲ್ಲ.

ಪರದೆಯ ವಿಷಯದಲ್ಲಿ ಕನ್ನಡಿಗರು ಇತರರಿಗಿಂತ ಹೆಚ್ಚು ಜಾಗರೂಕರಾಗಿರಬೇಕಾದುದುಂಟು. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಇಳಿಯುತ್ತವೆ. ದಕಾರ ಧಕಾರಗಳಿಗೆ, ಪಕಾರ ಫಕಾರಗಳಿಗೆ ಇರುವ ಭೇದವೆಲ್ಲ ಅಕ್ಷರದ ಬುಡದಲ್ಲಿಯ ಒಂದು ಸಣ್ಣ ಸೀಳಿನಲ್ಲಿದೆ. ಒರಟು ಬಿಂದುಗಳ ಅಗ್ಗದ ಪರದೆಯ ಮೇಲೆ ಆ ಸೀಳು ಮಸುಕಾಗಿಬಿಡುತ್ತದೆ. ದಿನಕ್ಕೆ ನಾಲ್ಕು ತಾಸು ಅದನ್ನೇ ನೋಡಿ ಓದುವ ಹುಡುಗನ ಕಣ್ಣಿನ ಗತಿಯೇನೆಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಬಣ್ಣಬಣ್ಣದ ಚಲನಚಿತ್ರವನ್ನು ತೋರಿಸುವ ಬದಲು ಕನ್ನಡದ ಒಂದು ಪುಟವನ್ನು ತೆರೆಸಿ, ಎದುರಿನಿಂದಲೂ ಓರೆಯಿಂದಲೂ ಓದಿ ನೋಡುವುದು ಯೋಗ್ಯ. ಅಲ್ಲಿಯೇ ನಾಲ್ಕು ಸಾಲು ಟೈಪು ಮಾಡಿಯೂ ನೋಡಬೇಕು. ಅಗ್ಗದ ಯಂತ್ರಗಳಲ್ಲಿ ಕೀಲಿಗಳು ಸಡಿಲವಾಗಿರುವುದುಂಟು, ಒತ್ತಿದಾಗ ಇಡೀ ಹಲಗೆಯೇ ಬಾಗುವುದುಂಟು. ಇನ್ನೊಂದು ತೊಡಕು ಹಳೆಯ ಕಡತಗಳದು: ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು ಅನೇಕ ಶಾಲೆಗಳಲ್ಲಿವೆ. ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಅದು ಯಂತ್ರದ ದೋಷವಲ್ಲ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಬ್ಯಾಟರಿಯು ಸವೆಯುವ ವಸ್ತು. ಮುನ್ನೂರರಿಂದ ಐನೂರು ಬಾರಿ ತುಂಬಿ ಖಾಲಿಯಾದ ಮೇಲೆ ಅದರ ಶಕ್ತಿ ಗಣನೀಯವಾಗಿ ಇಳಿಯುವುದು ಸಹಜಧರ್ಮ. ವಿದ್ಯುತ್ತು ಬಂದು ಹೋಗಿ ಮಾಡುವ ಊರುಗಳಲ್ಲಿ ಲ್ಯಾಪ್‌ಟಾಪಿನ ದೊಡ್ಡ ಉಪಕಾರವೇ ಬ್ಯಾಟರಿಯಾಗಿರುವುದರಿಂದ, ಬದಲಿ ಬ್ಯಾಟರಿಯು ಸಮೀಪದ ಪಟ್ಟಣದಲ್ಲಿ ದೊರೆಯುವುದೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮುನ್ನವೇ ಕೇಳತಕ್ಕದ್ದು. ಯಾರೂ ಕೇಳದ ಹೆಸರಿನ ಯಂತ್ರವು ಸಾವಿರ ರೂಪಾಯಿ ಅಗ್ಗವಾಗಿ ಸಿಕ್ಕರೂ ಅದರ ಬ್ಯಾಟರಿ ಸಿಗದಿದ್ದರೆ ಉಳಿದ ದೇಹವೆಲ್ಲ ವ್ಯರ್ಥ.

ಇಷ್ಟೆಲ್ಲ ಹೇಳಿದ ಮೇಲೆ, ಹೊಸದೇ ಬೇಕೆಂಬ ಹಟವನ್ನು ಬಿಟ್ಟರೆ ಉತ್ತಮ ಎಂಬ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡು ಮಾರಿಬಿಡುತ್ತವೆ. ಅವು ಮೊದಲೇ ಹೆಚ್ಚಿನ ಬೆಲೆಯ, ಗಟ್ಟಿ ಮೈಯ ಯಂತ್ರಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಅವು ದುರಸ್ತಿಗೊಂಡು ಅಗ್ಗದ ಹೊಸ ಯಂತ್ರದ ಬೆಲೆಗೇ ಸಿಗುವುದುಂಟು. ಉದಾಹರಣೆಗೆ 2018ರ ಥಿಂಕ್‌ಪ್ಯಾಡ್ ಟಿ480 ಎಂಬುದರಲ್ಲಿ ಮೆಮೊರಿಗೆ ಎರಡು ಖಾನೆಗಳಿವೆ, ಸಂಗ್ರಹವನ್ನು ಬದಲಾಯಿಸಬಹುದು, ಹಿಂದಿನ ಬ್ಯಾಟರಿಯನ್ನು ಕೈಯಿಂದಲೇ ಕಳಚಬಹುದು. ಎಂಟನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಇರುವುದರಿಂದ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿಯೇ ಒಗ್ಗುತ್ತದೆ. ಅದಕ್ಕಿಂತ ಹಿಂದಿನ ಪೀಳಿಗೆಯವಾದರೆ ಬಹುಮಟ್ಟಿಗೆ ಒಗ್ಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಅಂತಹ ಯಂತ್ರಗಳಲ್ಲಿ ಲಿನಕ್ಸನ್ನು ಹಾಕಿಕೊಳ್ಳುವುದೇ ನೇರವಾದ ದಾರಿ. ಅದೇನೂ ಕೈಗೆಟುಕದ ವಿದ್ಯೆಯಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಯುತ್ತಿವೆ.

ಬಳಸಿದ ಯಂತ್ರವನ್ನು ಕೊಳ್ಳುವಲ್ಲಿ ಮೋಸಕ್ಕೆ ಅವಕಾಶವಿಲ್ಲವೆಂದಲ್ಲ. ರಸೀತಿಯಿಲ್ಲದೆ ಮಾರುವವನ ಹತ್ತಿರ ಹೋಗಲೇಬಾರದು. ಹಿಂದಿನ ಮಾಲೀಕ ಕಂಪನಿಯ ಗುಪ್ತಪದವು ಒಳಗೆ ಉಳಿದುಕೊಂಡಿದ್ದರೆ ಯಂತ್ರವು ಬೀಗ ಹಾಕಿದ ಪೆಟ್ಟಿಗೆಯಂತಾಗುತ್ತದೆ. ಬ್ಯಾಟರಿಯು ತಯಾರಾದಾಗ ಎಷ್ಟು ಶಕ್ತಿ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆಂಬ ವರದಿಯನ್ನು ವಿಂಡೋಸಿನಲ್ಲಿಯೇ ತೆಗೆಯಬಹುದು. ಅದೇ ಈ ಪ್ರಾಣಿಯ ಹಲ್ಲು. ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡೇ ಹಣ ಕೊಡಬೇಕು.

ಈಗ ದಾನಿಗಳ ಭಾಗಾಕಾರಕ್ಕೆ ಬರಬಹುದು. ಮೂರು ಲಕ್ಷ ರೂಪಾಯಿಗಳಿವೆಯೆಂದು ಇಟ್ಟುಕೊಂಡರೆ, 15,000ದಂತೆ ಇಪ್ಪತ್ತು ಯಂತ್ರಗಳು ಬರುತ್ತವೆ. ಮೇಜಿನ ಮೇಲೆ ಸಾಲಾಗಿ ಇಟ್ಟು ಭಾವಚಿತ್ರ ತೆಗೆಸಿದರೆ ನೋಡಲು ಚೆಂದ. ಅವು ಎರಡು ವರ್ಷ ಬಾಳಿದರೆ ಯಂತ್ರವೊಂದಕ್ಕೆ ವರ್ಷಕ್ಕೆ ತಗಲಿದ ವೆಚ್ಚ 7,500 ರೂಪಾಯಿ. ಅದರ ಬದಲು 25,000ದ ಹತ್ತು ಯಂತ್ರಗಳನ್ನು ಕೊಂಡು, ಉಳಿದ 50,000ವನ್ನು ಬ್ಯಾಟರಿ, ಚಾರ್ಜರ್, ಎಸ್‌ಎಸ್‌ಡಿಗಳಿಗೆಂದು ತೆಗೆದಿರಿಸಿದರೆ, ಅವು ಐದು ವರ್ಷ ನಡೆದಲ್ಲಿ ದುರಸ್ತಿಯೂ ಸೇರಿ ವರ್ಷಕ್ಕೆ 6,000 ಮಾತ್ರ ಬೀಳುತ್ತದೆ. ಹತ್ತು ಯಂತ್ರಗಳು ನಲವತ್ತು ಮಕ್ಕಳ ತರಗತಿಗೆ ಸಾಲವೆಂಬ ಆಕ್ಷೇಪಣೆ ಬರಬಹುದು. ಅದು ತಳ್ಳಿಹಾಕುವ ಮಾತಲ್ಲ. ಮೊದಲೆರಡು ವರ್ಷ ಇಪ್ಪತ್ತು ಯಂತ್ರಗಳ ಮುಂದೆ ಇಬ್ಬಿಬ್ಬರಂತೆ ಕುಳಿತ ಮಕ್ಕಳಿಗೆ ಕೈತುಂಬ ಅವಕಾಶ ದೊರೆತಿದ್ದೀತು, ನಿಜ. ಆದರೆ ಮೂರನೆಯ ವರ್ಷ ಬಂದ ಮಕ್ಕಳಿಗೆ ದೊರೆಯುವುದು ಕಪಾಟಿನ ಬೀಗ. ಪಾಳಿಯ ಮೇಲೆ ನಾಲ್ವರು ಕೂಡಿ ಬಳಸುವ ಹತ್ತು ನಡೆಯುವ ಯಂತ್ರಗಳೇ ಐದು ತಂಡಗಳ ಮಕ್ಕಳಿಗೆ ಹೆಚ್ಚು ನ್ಯಾಯ ಒದಗಿಸುತ್ತವೆ. ದುರಸ್ತಿಯ ನಿಧಿಗೆ ಹಣ ಕೊಟ್ಟವರ ಹೆಸರನ್ನು ಫಲಕದ ಮೇಲೆ ಬರೆಯುವ ವಾಡಿಕೆ ಇನ್ನೂ ಬಂದಿಲ್ಲ, ಬರುವುದು ಅಗತ್ಯ.

ಶಾಲೆಗಳ ಕಡೆಯಿಂದಲೂ ಒಂದು ಮಾತು ಸಲ್ಲಬೇಕು. ಒಡೆದೀತೆಂಬ ಭಯದಿಂದ ಲ್ಯಾಪ್‌ಟಾಪುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ಅನೇಕ ಕಡೆ ಇದೆ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಇಟ್ಟರೆ ಅದು ಮತ್ತೆ ಎಚ್ಚರಗೊಳ್ಳದಿರಬಹುದು. ಬೇಸಿಗೆಯ ರಜೆಗೆ ಮುನ್ನ ಅರ್ಧದಷ್ಟು ತುಂಬಿ, ತಂಪಾದ ಕೋಣೆಯಲ್ಲಿಟ್ಟು, ನಡುವೆ ಒಮ್ಮೆ ತೆಗೆದು ನೋಡುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ವಹಿಸಿದರೆ ಸಾಕು.

ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರು, ಪುಣೆ, ಹೈದರಾಬಾದುಗಳ ಕಂಪನಿಗಳಲ್ಲಿ ಉದ್ಯೋಗದಲ್ಲಿರುವವರು ಕಡಿಮೆಯೇನಿಲ್ಲ. ತಮ್ಮ ಕಂಪನಿಯು ಹಿಂತೆಗೆಯುವ ಯಂತ್ರಗಳನ್ನು ಶಾಲೆಗೆ ಕೊಡಿಸಲು ಅವರು ಒಂದು ಪತ್ರ ಬರೆದರೆ, ಹೊಸ ಅಗ್ಗದ ಯಂತ್ರಗಳಿಗೆ ಚಂದಾ ಎತ್ತುವುದಕ್ಕಿಂತ ಹೆಚ್ಚಿನ ಉಪಕಾರವಾದೀತು. ಆ ಪತ್ರದಲ್ಲಿ ಎರಡು ಸಂಗತಿಗಳನ್ನು ಮರೆಯದೆ ಕೇಳಬೇಕು: ಒಳಗಿನ ಮಾಹಿತಿಯನ್ನು ಅಳಿಸಿ ಗುಪ್ತಪದಗಳನ್ನು ತೆಗೆದುದಕ್ಕೆ ಲಿಖಿತ ದೃಢೀಕರಣ, ಮತ್ತು ಯಂತ್ರಕ್ಕೊಂದರಂತೆ ಅದರದೇ ಚಾರ್ಜರ್. ಚಾರ್ಜರಿಲ್ಲದೆ ಬಂದ ಹತ್ತು ಲ್ಯಾಪ್‌ಟಾಪುಗಳಿಗೆ ಹತ್ತು ಬಗೆಯ ಚಾರ್ಜರುಗಳನ್ನು ಹುಡುಕಿ ಅಂಗಡಿಯಿಂದ ಅಂಗಡಿಗೆ ತಿರುಗುವುದು ಗಣಿತದ ಮೇಷ್ಟರ ಪಾಲಿಗೆ ಬರುತ್ತದೆ.