ಕಹಿ ಕರಾಂದೆ

ವಸಾಯಿ, ಕರ್ಜತ್ ಕಡೆ ಓಡಾಡುವ ನಮ್ಮವರಿಗೆ ಕರಾಂದೆ ಹೊಸದಲ್ಲ. ಆಲೂಗಡ್ಡೆಯ ಹಾಗೆ ಕಂಡರೂ ಇದು ಬಳ್ಳಿಯಲ್ಲಿ, ಎಲೆಯ ಬುಡಕ್ಕೆ ಅಂಟಿಕೊಂಡು ತೂಗುವ ಗೆಡ್ಡೆ. ಮಲೆನಾಡಿನ ಕಡೆ ಬಳ್ಳಿ ಬಟಾಟೆ ಎಂದು ಹಿತ್ತಲಲ್ಲಿ ಹಬ್ಬಿಸುತ್ತಾರಲ್ಲ, ಅದೇ. ಉಪ್ಪು ಹಾಕಿ ಬೇಯಿಸಿ ಸಿಪ್ಪೆ ಸುಲಿದರೆ ತಿಂಡಿ ತಯಾರು.

ನಾನು ಹೇಳಹೊರಟಿದ್ದು ಅದರ ಕಾಡು ಜಾತಿಯ ಬಗ್ಗೆ. ಮರಾಠಿಯಲ್ಲಿ ಕಡೂ ಕರಾಂದಾ, ಅಂದರೆ ಕಹಿ ಕರಾಂದೆ. ಮನೆಯ ಅಕ್ಕಿ ತೀರಿ, ಹೊಸ ಭತ್ತಕ್ಕೆ ಇನ್ನೂ ದಿನಗಳಿರುವಾಗ ಸಹ್ಯಾದ್ರಿಯ ಈ ಬದಿಯ ಕಾತಕರಿ, ಠಾಕೂರ್ ಮನೆಗಳ ಹೊಟ್ಟೆ ಹೊರೆದ ಗೆಡ್ಡೆ. ಹಾಗಂತ ಕಿತ್ತು ಬೇಯಿಸಿ ತಿನ್ನುವಂತಿಲ್ಲ. ಹೊಟ್ಟೆ ತೊಳಸುತ್ತದೆ, ಹೆಚ್ಚಾದರೆ ಯಕೃತ್ತಿಗೇ ಪೆಟ್ಟು.

ಕರ್ಜತ್ ಸ್ಟೇಷನ್ ಹೊರಗೆ ಕರಾಂದೆ ಮಾರುವ ಮಾವ್‌ಶಿಯೊಬ್ಬರನ್ನು ಕೇಳಿದೆ. ಮೊದಲು ಹಿಂಜರಿದರು, ಬಡತನದ ಊಟ ಎಂಬ ಸಂಕೋಚ. ಆಮೇಲೆ ಬಿಡಿಸಿ ಹೇಳಿದರು. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಒಲೆಯ ಬೂದಿ ಹಾಕಿ ಬೇಯಿಸಿ, ನೀರು ಬಸಿದು, ಬುಟ್ಟಿಗೆ ತುಂಬಿ ರಾತ್ರಿಯಿಡೀ ಹರಿಯುವ ಹಳ್ಳದಲ್ಲಿ ಇಡಬೇಕು. ಪಾತ್ರೆಯ ನೀರಲ್ಲಿ ಇಟ್ಟರೆ ಆಗದೇ ಎಂದೆ. "ಮತ್ತೆ ಕಹಿ ಎಲ್ಲಿಗೆ ಹೋಗಬೇಕು?" ಎಂದು ನಕ್ಕರು. ಬೆಳಿಗ್ಗೆ ಒಂದು ಹೋಳು ನಾಲಿಗೆಗೆ ಮುಟ್ಟಿಸಿ ನೋಡುವುದು, ಕಹಿಯಿದ್ದರೆ ಮತ್ತೆ ನೀರಿಗೆ. ಮಕ್ಕಳು ಎಷ್ಟೇ ಹಸಿದಿರಲಿ, ಅತ್ತೆ ರುಚಿ ನೋಡಿ ಹೂಂ ಅನ್ನುವವರೆಗೆ ಬುಟ್ಟಿ ಯಾರೂ ಮುಟ್ಟುತ್ತಿರಲಿಲ್ಲವಂತೆ.

ನನ್ನ ಅಪ್ಪ ವಿಜಯಪುರದ ಬಯಲಿನವರು, 1972ರ ಬರದಲ್ಲಿ ಪುಣೆಗೆ ಬಂದವರು. ಬಯಲಿನಲ್ಲಿ ಇಂಥ ಕಾಡಿಲ್ಲ, ಆ ವರ್ಷ ಹಳ್ಳದಲ್ಲಿ ನೀರೂ ಇರಲಿಲ್ಲ. ಗುಳೆ ಹೋಗುವುದೊಂದೇ ದಾರಿ. ಆಗ ಏನು ತಿಂದಿರಿ ಎಂದರೆ, ರೇಷನ್ನಿನ ಕೆಂಪು ಜೋಳ ಅಂದು ಮಾತು ಬದಲಿಸುತ್ತಿದ್ದರು. ಅವರಿಗೂ ಅದೇ ಸಂಕೋಚ.

ಈಗ ನಮ್ಮ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ವಿಡಿಯೊ ಬಂದಿದೆ. ಕಹಿ ಕರಾಂದೆಯ ಪುಡಿ ಸಕ್ಕರೆ ಕಾಯಿಲೆಗೆ ರಾಮಬಾಣವಂತೆ. ಬೂದಿ ಇಲ್ಲ, ಹಳ್ಳ ಇಲ್ಲ, ಅತ್ತೆಯ ನಾಲಿಗೆಯಂತೂ ಇಲ್ಲವೇ ಇಲ್ಲ. ಹಸಿಯದನ್ನೇ ಒಣಗಿಸಿ ಕುಟ್ಟಿದ್ದು. ಚೀನಾದಲ್ಲಿ ಇದೇ ಗೆಡ್ಡೆಯನ್ನು ಔಷಧವೆಂದು ಸೇವಿಸಿದವರ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ದಯವಿಟ್ಟು ಯಾರೂ ತರಿಸಿಕೊಳ್ಳಬೇಡಿ. ಗುಂಪಿನಲ್ಲೂ ಇದನ್ನೇ ಬರೆದೆ. ಎರಡು ಹೆಬ್ಬೆರಳು ಬಂದವು, ವಿಡಿಯೊ ಇನ್ನೂ ಓಡಾಡುತ್ತಿದೆ.