ನಗುವವರಿಗೆ ಒಂದು ಮಾತು

ರಾಜಕಾರಣಿ ಕೊಟ್ಟ ಮಾತಿಗೆ ತಪ್ಪಿದನೆಂದರೆ ನಮ್ಮ ಜಯನಗರ, ಬನಶಂಕರಿಗಳ ವಿದ್ಯಾವಂತ ಮಹಾಶಯರು ಏನು ಮಾಡುತ್ತಾರೆ? ನಗುತ್ತಾರೆ. ಬೆಳಗಿನ ಕಾಫಿಯ ಹೊತ್ತಿಗೆ ಒಂದು ಚುಟುಕು ಹುಟ್ಟುತ್ತದೆ. ಸ್ನಾನ ಮುಗಿಯುವಷ್ಟರಲ್ಲಿ ಅದು ವಾಟ್ಸಾಪ್ ಏರಿ, ಜೆ.ಪಿ. ನಗರ ದಾಟಿ, ಬಿ.ಟಿ.ಎಂ. ಬಡಾವಣೆ ಮುಟ್ಟಿರುತ್ತದೆ. ಸಂಜೆಗೆ ಇನ್ನೊಂದು. ಹಳೆಯ ಚುಟುಕಿನೊಡನೆ ಹಳೆಯ ವಚನಭಂಗವೂ ಮರೆತುಹೋಗುತ್ತದೆ. ಯಾರು ಆಳಿದರೂ ರಾಗಿ ಬೀಸುವುದು ತಪ್ಪೀತೇ ಎಂಬ ಗಾದೆಯೊಂದಿಗೆ ಸಭೆ ಬರಖಾಸ್ತು.

ಈ ನಗೆಯನ್ನು ಪ್ರತಿಭಟನೆಯೆಂದು ತಿಳಿದವರಿದ್ದಾರೆ. ಅದು ಪ್ರತಿಭಟನೆಯಲ್ಲ, ಮಾತು ತಪ್ಪಿದವನಿಗೆ ನಾವು ಬರೆದುಕೊಡುವ ಖುಲಾಸೆ ಪತ್ರ. ನಿನ್ನಿಂದ ನಾವು ಬೇರೇನನ್ನೂ ನಿರೀಕ್ಷಿಸಿರಲಿಲ್ಲ ಎಂದ ಮೇಲೆ ಅವನು ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ?

ನಮ್ಮ ನಗರದ್ದೇ ನಿದರ್ಶನ ನೋಡಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನ ಹೇಳುತ್ತದೆ. ಆಗ ಅಧಿಕಾರದಲ್ಲಿದ್ದ ಭಾರತೀಯ ಜನತಾ ಪಕ್ಷ ನಡೆಸಲಿಲ್ಲ. ಕಾಂಗ್ರೆಸ್ಸಿನ ಮಾಜಿ ಸದಸ್ಯರು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಚುನಾವಣೆ ನಡೆಸಿರೆಂದಿತು. ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ಸೇ ಅಧಿಕಾರಕ್ಕೆ ಬಂದಿತು. ಚುನಾವಣೆ ಬಂದಿತೇ? 198 ಇದ್ದ ವಾರ್ಡುಗಳು ಕಾಗದದ ಮೇಲೆ 243 ಆಗಿ, ಮತ್ತೆ 225 ಆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಒಡೆದು ಐದಾಯಿತು. ಆ ಐದು ವರ್ಷ ಮೋರಿ ಕಟ್ಟಿತೆಂದು ಹೇಳಿಕೊಳ್ಳಲು ನಗರದಲ್ಲಿ ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯನಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಈ ವಿಷಯದಲ್ಲಿ ಎರಡೂ ಪಕ್ಷಗಳದು ಅಪೂರ್ವ ಒಮ್ಮತ. ನಾವೋ, ರಸ್ತೆಯ ಗುಂಡಿಗಳ ಮೇಲೆ ಚುಟುಕು ಕಟ್ಟುತ್ತ ಕುಳಿತೆವು.

ಪ್ರಣಾಳಿಕೆಯ ಮಾತಿಗೆ ತಪ್ಪಿದವನನ್ನು ಶಿಕ್ಷಿಸುವ ಕಾನೂನು ನಮ್ಮಲ್ಲಿಲ್ಲ. ಆ ಅಧಿಕಾರವಿರುವುದು ಮತದಾರನಿಗೆ ಮಾತ್ರ. ಅದನ್ನು ನಾವು ಹೇಗೆ ಬಳಸಿದೆವು? 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ರಾಜ್ಯದ ಸರಾಸರಿ 70ನ್ನು ಮೀರಿತ್ತು. ಅಕ್ಷರ ಕಲಿತವರು ನಾವು, ಕರ್ತವ್ಯ ಕಲಿತವರು ಹಳ್ಳಿಯವರು!

ಒಂದು ಮತದಿಂದ ಏನಾದೀತು ಎನ್ನುತ್ತೀರೇನು? 2023ರಲ್ಲಿ ಇದೇ ಜಯನಗರದ ವಿಧಾನಸಭಾ ಕ್ಷೇತ್ರದ ಫಲಿತಾಂಶ, ಮರು ಎಣಿಕೆಯಾಗಿ, ನಿರ್ಧಾರವಾದದ್ದು 16 ಮತಗಳಿಂದ. ನಾಲ್ಕು ಮನೆಯವರು ಹಾಸಿಗೆಯಿಂದೆದ್ದು ಬಂದಿದ್ದರೆ ಸಾಕಿತ್ತು.

ಎರಡು ಪಕ್ಷಗಳೂ ಒಂದೇ ಆದಾಗ ಮತದಿಂದೇನು ಫಲ ಎಂಬುದು ಮುಂದಿನ ಆಕ್ಷೇಪಣೆ. ಇದು ನ್ಯಾಯವಾದ ಪ್ರಶ್ನೆ. ಮತಕ್ಕೂ ಮತಕ್ಕೂ ನಡುವೆ ಐದು ವರ್ಷಗಳಿವೆ. ಆಗಲೂ ಬಾಯಿ ಇರಬೇಕು. 2016ರ ಅಕ್ಟೋಬರಿನಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವುದು ಬೇಡವೆಂದು ಈ ಊರಿನ ಜನರೇ ರಸ್ತೆಯಲ್ಲಿ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅವರು ಚುಟುಕನ್ನೂ ಕಟ್ಟಿದ್ದರು. ಆದರೆ ಚುಟುಕು ಕಟ್ಟಿ ಮನೆಗೆ ಹೋಗಲಿಲ್ಲ.

ಮುಂದಿನ ಸಲ ಅಭ್ಯರ್ಥಿ ಕೈಮುಗಿದು ಬಾಗಿಲಿಗೆ ಬಂದಾಗ ಅವನ ಪಕ್ಷದ ಹಿಂದಿನ ಪ್ರಣಾಳಿಕೆಯನ್ನು ಅವನ ಕೈಗೇ ಕೊಡಿ. ಒಂದೊಂದು ಸಾಲನ್ನೂ ಓದಿಸಿ, ಏನಾಯಿತೆಂದು ಕೇಳಿ. ಆಮೇಲೆ ಬೇಕಾದರೆ ನಗಿ.