ತೂಗದೆ ತೂಕ ಹೇಳಬೇಡಿ

ಈ ಸಲದ ವಿಷಯ ಸಂಕೋಚದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರಿಗೆ ಗುಪ್ತಾಂಗದಲ್ಲಿ ತುರಿಕೆ, ಉರಿ ಇತ್ತು. ಫಂಗಸ್ ಇರಬೇಕೆಂದು ಇಲ್ಲೇ ಕುಡಚಡೆ ಪೇಟೆಯಿಂದ ನಾನೇ ಮುಲಾಮು ತಂದುಕೊಟ್ಟೆ. ನಾಲ್ಕು ಟ್ಯೂಬು ಮುಗಿದರೂ ಗುಣವಾಗಲಿಲ್ಲ. ಕೊನೆಗೆ ಲೇಡಿ ಡಾಕ್ಟರರು ಪರೀಕ್ಷಿಸಿ, ಇದು ಫಂಗಸ್ ಅಲ್ಲ, ಮುಟ್ಟು ನಿಂತ ಮೇಲೆ ಚರ್ಮ ಒಣಗಿ ತೆಳುವಾಗಿದೆ ಎಂದರು. ನನ್ನ ಅಂದಾಜಿನಿಂದ ಅವರು ಆರು ತಿಂಗಳು ಸುಮ್ಮನೆ ನರಳಿದರು.

ಫಂಗಸ್ಸಿನಲ್ಲಿ ಸಾಮಾನ್ಯವಾಗಿ ಒಡೆದ ಮೊಸರಿನಂಥ ಬಿಳಿ ಸೆರಗು, ತುರಿಕೆ ಇರುತ್ತವೆ. ದುರ್ವಾಸನೆಯ ತೆಳು ಸೆರಗು ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಅದರ ಔಷಧವೇ ಬೇರೆ. ಸಾಬೂನಿನ ಅಲರ್ಜಿ, ಚರ್ಮರೋಗಗಳಲ್ಲೂ ಹೀಗೇ ತುರಿಕೆ ಬರುತ್ತದೆ. ನಮ್ಮ ಗೋವೆಯ ಅಲ್ಡೋನಾದಲ್ಲಿ 2001–03ರಲ್ಲಿ ಸುಮಾರು 2,500 ಸ್ತ್ರೀಯರ ಸಮೀಕ್ಷೆ ನಡೆದಾಗ ಫಂಗಸ್ ಕಂಡದ್ದು 100ಕ್ಕೆ 8–9 ಮಂದಿಯಲ್ಲಿ; ಬ್ಯಾಕ್ಟೀರಿಯಾದ ತೊಂದರೆ ಅದರ ಇಮ್ಮಡಿ.

ಫಂಗಸ್ಸೇ ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಬಿಳಿ ಮಚ್ಚೆ, ಹುಣ್ಣು, ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ತಡ ಬೇಡ.

ಸೊಸೆ, ಮಗಳು ನಾಚಿಕೊಂಡರೆ ಮನೆಯ ಹಿರಿಯ ಹೆಂಗಸರೇ ಜೊತೆಗೆ ಹೋಗಲಿ. ತಕ್ಕಡಿಗೆ ಹಾಕದೆ ತೂಕ ಹೇಳದ ನಾವು, ಪರೀಕ್ಷೆಯಿಲ್ಲದೆ ರೋಗದ ಹೆಸರು ಹೇಳಬಹುದೇ?